ಹಿಡಿಯಲು ಒಬ್ಬರು

ಮೊದಲ ದಿನ ಗಿರಿಜಾ ಟೀಚರ್ ನಮ್ಮೆದುರು ಬಿದ್ದರು. ಬೇಕೆಂದೇ ಬಿದ್ದರು. ಹೊನ್ನಾಳಿಯ ಅಕ್ಕಿ ಗಿರಣಿಯ ಹಿಂದಿನ ಷೆಡ್ಡಿನಲ್ಲಿ ಭತ್ತದ ಹೊಟ್ಟು ತುಂಬಿದ ಚೀಲಗಳನ್ನು ಹರಡಿ, ಮೇಲೆ ಟಾರ್ಪಾಲು ಹಾಸಿದ್ದರು. ಧಡ್ಡನೆ ಬೆನ್ನಿಗೆ ಬಿದ್ದು, ಅಂಗೈಯಿಂದ ಬಡಿದು, ಎದ್ದು ನಿಂತರು.

"ನೋಡಿದ್ರೇನ್ರೇ? ಮೊದ್ಲು ಬೀಳಾಕೆ ಕಲೀರಿ. ಎತ್ತಿ ಒಗಿಯಾದು ಆಮ್ಯಾಲೆ."

ಬಿಳಿ ಪೈಜಾಮ ತೊಟ್ಟಿದ್ದರೆಂದು ನನ್ನ ನೆನಪು. ಗೆಳತಿ ಸರೋಜ ಕಚ್ಚೆ ಸೀರೆ ಎನ್ನುತ್ತಾಳೆ. ಆ ಸದ್ದಿನ ಬಗ್ಗೆ ಮಾತ್ರ ತಕರಾರಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಟೀಚರ್ ಕಲಿಸುತ್ತಿದ್ದ ಜೂಡೋ ಎಂಬ ಜಪಾನಿ ಕುಸ್ತಿಯ ಹೆಸರನ್ನೇ ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಭಾನುವಾರ ಬಂದರೆ ಟೀಚರ್ ನ್ಯಾಮತಿಗೆ, ಚನ್ನಗಿರಿಗೆ ಬಸ್ಸು ಹತ್ತಿ, ಹುಡುಗಿಯರನ್ನು ಕಳಿಸಿರೆಂದು ಮನೆಮನೆ ಅಲೆಯುತ್ತಿದ್ದರು. "ಓಡಾಕೆ, ಜಿಗಿಯಾಕೆ ಒಬ್ಳೇ ಸಾಕು ಕಣ್ರೇ. ಇದಕ್ಕೆ ಇಬ್ರು ಬೇಕು. ಹಿಡಿಯಾಕೆ ಒಬ್ರು ಇಲ್ದಿದ್ರೆ ನಾನ್ಯಾರು?"

ಆಟಕ್ಕೆ ತೊಡುವ ಜಾಕೀಟಿಗೆ ದಪ್ಪ ಬಟ್ಟೆ ಸಿಗದೆ ಗೋಣಿಯಲ್ಲೇ ಹೊಲಿಸಿದರು. ಎಳೆದಾಡಿದರೂ ಹರಿಯಲಿಲ್ಲ, ನಮ್ಮ ಕುತ್ತಿಗೆ ಹರಿಯಿತು. ಸರೋಜಳನ್ನು ನೋಡಲು ಬಂದ ಗಂಡಿನ ಕಡೆಯ ಹೆಂಗಸರು ಕುತ್ತಿಗೆಯ ಕೆಂಪು ಗೀರು ಕಂಡು, ಚರ್ಮರೋಗವೆಂದುಕೊಂಡು, ತಟ್ಟೆಯ ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು.

ಸುದ್ದಿ ತಿಳಿದು ಟೀಚರ್ ಸರೋಜಳ ಮನೆಗೆ ಓಡಿ ಬಂದರು. ಸೆರಗು ಸರಿಸಿ ತಮ್ಮ ಕುತ್ತಿಗೆ ತೋರಿಸಿದರು. "ರೋಗ ಅಲ್ರೀ ಅಮ್ಮಾ, ಗೋಣಿ ಗೀರಿದ್ದು. ನನಗೂ ಐತೆ ನೋಡ್ರಿ!"

"ಅದಕ್ಕೇ ನಿಮ್ಮನ್ನೂ ಯಾರೂ ಮಾಡ್ಕೊಂಡಿಲ್ಲ ಬಿಡ್ರಿ ಟೀಚರ್ರೇ," ಎಂದರು ಸರೋಜಳ ತಾಯಿ.

ಅಂದಿನಿಂದ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಟೀಚರ್ ತಮ್ಮ ಒಂದೇ ರೇಷ್ಮೆ ಸೀರೆ ಕತ್ತರಿಸಿ ಎಲ್ಲ ಕಾಲರುಗಳಿಗೂ ಹೊದಿಸಿ ಹೊಲಿದರು. "ಇನ್ನು ಗೀರಲ್ಲ, ಬರ್ರೇ," ಎಂದು ಶಾಲೆಯ ಗೇಟಿನಲ್ಲಿ ನಿಂತು ಕರೆದರು. ಬಂದವಳು ನಾನೊಬ್ಬಳೇ. ಮರುವರ್ಷ ಮನೆಯವರು ನನ್ನನ್ನೂ ಜಗಳೂರಿಗೆ ಮದುವೆ ಮಾಡಿ ಕೊಟ್ಟರು.

ತವರಿಗೆ ಬಂದಾಗ ಷೆಡ್ಡಿಗೆ ಹೋದೆ. ಟೀಚರ್ ಮರದ ಕಂಬಕ್ಕೆ ಜಾಕೀಟು ತೊಡಿಸಿ, ಕಾಲರು ಹಿಡಿದು, ತಿರುಗಿ ಬೆನ್ನು ಕೊಟ್ಟು ಎಳೆಯುತ್ತಿದ್ದರು. ಕಂಬ ಅಲುಗುತ್ತಿರಲಿಲ್ಲ. ತಲೆ ಅರ್ಧ ನೆರೆತಿತ್ತು. ನನ್ನನ್ನು ಕಂಡದ್ದೇ ಜಾಕೀಟು ಬಿಚ್ಚಿ ಚಾಚಿದರು. "ಬಂದ್ಯೇನೇ! ಹಾಕ್ಕೊ. ಒಂದೇ ಸಲ ಹಿಡ್ಕೊ. ಒಂದೇ ಒಂದ್ಸಲ."

ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಅವರ ಕೈ ಅಲ್ಲೇ ನಿಂತಿತು.

"ಎಷ್ಟು ತಿಂಗ್ಳೇ?"

"ಐದು ಟೀಚರ್."

ಆಗ ಅವರು ನಕ್ಕರೆಂದು ಬಹಳ ಕಾಲ ಹೇಳಿಕೊಂಡು ಬಂದೆ. ನಗಲಿಲ್ಲ. "ಚೊಲೋ ಆತು. ಬಸ್ಸಿನಾಗೆ ಹುಷಾರು," ಎಂದರು. ಜಾಕೀಟನ್ನು ತಿರುಗಿ ಕಂಬಕ್ಕೇ ತೊಡಿಸಿ, ರೇಷ್ಮೆಯ ಕಾಲರು ಸರಿಮಾಡಿ, ಎರಡೂ ಕೈಯಲ್ಲಿ ಹಿಡಿದುಕೊಂಡರು.