ನಾನು ತೊಳೆದ ಚೈನು

ನಾನು ಚಿಕ್ಕವಳಿದ್ದಾಗ, ಅಂದರೆ ಎರಡು ಜಡೆ ಹಾಕಿಕೊಂಡು ರಾಯಚೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನಾಲ್ಕನೇ ಕ್ಲಾಸು ಓದುತ್ತಿದ್ದಾಗ, ಕೊಳೆ ಎಂದರೆ ನನಗೆ ಆಗುತ್ತಿರಲಿಲ್ಲ. ಉಗುರು, ಕಾಲರು, ಶೂಸು, ಎಲ್ಲವನ್ನೂ ಸಿಸ್ಟರ್ ದಿನಾ ಬೆಳಿಗ್ಗೆ ಇನ್‌ಸ್ಪೆಕ್ಷನ್ ಮಾಡುತ್ತಿದ್ದರು. ರಜೆಗೆ ದೇವದುರ್ಗಕ್ಕೆ ಬಂದಾಗ ನಾನೂ ಮನೆಯವರ ಉಗುರು ನೋಡುತ್ತ ತಿರುಗುತ್ತಿದ್ದೆ. "ಬಂದ್ರು ನೋಡ್ರಿ ಮೇಡಮ್ಮೋರು" ಎಂದು ಅಕ್ಕ ಕೈ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು.

ನಮ್ಮದು ಕೂಲಿ ಮಾಡಿ ಬದುಕಿದ ಮನೆತನ. ಸಂಬಳದ ನೌಕರಿ ಹಿಡಿದವರಲ್ಲಿ ಅಪ್ಪನೇ ಮೊದಲಿಗರು. ಹಳ್ಳಿಹಳ್ಳಿ ತಿರುಗಿ ಮಲೇರಿಯಾ ಔಷಧಿ ಹೊಡೆಸುವ ಕೆಲಸ. ಅದಕ್ಕೆಂದು ಮೂರು ಕೈ ದಾಟಿ ಬಂದ ಒಂದು ಮೋಟಾರ್ ಸೈಕಲ್ ಇತ್ತು. ಶನಿವಾರ ಸಂಜೆ ಅಪ್ಪ ಅದರ ಪಕ್ಕ ಮಣೆ ಹಾಕಿಕೊಂಡು ಕೂತರೆ ಓಣಿಗೆಲ್ಲ ಸೀಮೆಎಣ್ಣೆಯ ವಾಸನೆ. ಹಳೆಯ ಬ್ರಷ್ಷನ್ನು ಅದರಲ್ಲಿ ಅದ್ದಿ ಚೈನಿನ ಮಣ್ಣು ತಿಕ್ಕುವರು, ಒರೆಸುವರು, ಆಮೇಲೆ ಚಕ್ರ ತಿರುಗಿಸುತ್ತ ಒಂದೊಂದು ಕೊಂಡಿಗೂ ಹನಿಹನಿಯಾಗಿ ಎಣ್ಣೆ ಬಿಡುವರು. ಚೈನು ಕಚ್ಚಿಕೊಂಡು ಓಡುವ ಹಲ್ಲಿನ ಚಕ್ರಕ್ಕೆ ಸ್ಪ್ರಾಕೆಟ್ ಎನ್ನುತ್ತಾರೆ. ನಮ್ಮ ಗಾಡಿಯದರ ಹಲ್ಲು ಸವೆದು ಕುಡುಗೋಲಿನಂತೆ ಬಾಗಿತ್ತು. ಹೊಸದು ಹೈದರಾಬಾದಿನಿಂದ ಬರಬೇಕಿತ್ತು. "ಎಣ್ಣಿ ಇರೋತನಕ ನಡೀತದ. ಒಣಗ್ತು ಅಂದ್ರ ಹಲ್ಲು ಉಳಿಯಂಗಿಲ್ಲ" ಎನ್ನುತ್ತಿದ್ದರು ಅಪ್ಪ. ನಾನು ಎಲ್ಲಿ ಕೇಳಿಸಿಕೊಂಡೆ? ಅವರ ಕರಿ ಬೆರಳುಗಳನ್ನೇ ನೋಡುತ್ತಿದ್ದೆ.

ಒಂದು ರಜೆಯ ಕೊನೆಗೆ, ಸೋಮವಾರ, ರಾಯಚೂರಿನಲ್ಲಿ ಅಕ್ಕನಿಗೆ ಟೀಚರ್ ಟ್ರೇನಿಂಗಿನ ಇಂಟರ್‌ವ್ಯೂ. ಹನ್ನೊಂದಕ್ಕೆ ಹಾಜರಿರಬೇಕು, ತಪ್ಪಿದರೆ ಸೀಟು ಮತ್ತೊಬ್ಬರ ಪಾಲು. ಮನೆಯಲ್ಲಿ ಒಬ್ಬಳನ್ನು ಮಾತ್ರ ಕಾನ್ವೆಂಟಿಗೆ ಕಳಿಸಲು ಆಗುತ್ತಿತ್ತು. ಆ ಅದೃಷ್ಟ ನನಗೆ ಬಂದಿತ್ತು. ಅಕ್ಕ ಊರಲ್ಲೇ ಓದಿ, ಮನೆಮಂದಿಗೆಲ್ಲ ರೊಟ್ಟಿ ಬಡಿದು, ಮೆಟ್ರಿಕ್ ಪಾಸು ಮಾಡಿದ್ದಳು. ಅಂಥ ಅಕ್ಕ ಕರಿ ಮೆತ್ತಿದ ಗಾಡಿಯ ಮೇಲೆ ಹೋಗುವುದೇ? ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬಟ್ಟೆ ಸೋಪು, ತೆಂಗಿನ ನಾರು, ಎರಡು ಬಕೆಟ್ ಬಿಸಿನೀರು ತಂದು ಚೈನನ್ನು ತಿಕ್ಕಿಯೇ ತಿಕ್ಕಿದೆ. ಕಾಲ್ಗೆಜ್ಜೆಯ ಹಾಗೆ ಶೈನ್ ಬಂತು. ಸರ್‌ಪ್ರೈಸ್ ಇರಲಿ ಎಂದು ಯಾರಿಗೂ ಹೇಳಲಿಲ್ಲ.

ಬೆಳಗಿನ ಮಬ್ಬಿನಲ್ಲಿ ಹೊರಟೆವು. ನನಗೂ ರಜೆ ಮುಗಿದಿತ್ತು, ಹಾಸ್ಟೆಲಿಗೆ ಬಿಡಬೇಕಿತ್ತು. ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು, ನಡುವೆ ಅಪ್ಪ, ಹಿಂದೆ ಸರ್ಟಿಫಿಕೇಟಿನ ಚೀಲ ಅವುಚಿಕೊಂಡ ಅಕ್ಕ. ಗಬ್ಬೂರು ದಾಟುವಷ್ಟರಲ್ಲಿ ಚೈನು ಕಿರ್‍ರೋ ಎನ್ನತೊಡಗಿತು. ಒಂದು ಏರಿನಲ್ಲಿ ಟಕ್, ಟಕ್ ಎಂದು ಹಲ್ಲಿನಿಂದ ಹಲ್ಲಿಗೆ ಹಾರಿ ಕಳಚಿಯೇ ಬಿತ್ತು. ಅಪ್ಪ ಬಗ್ಗಿ ನೋಡಿದರು. ರಾತ್ರಿಯಿಡೀ ಒದ್ದೆಯಿದ್ದ ಕೊಂಡಿಗಳಿಗೆ ಕೆಂಪು ತುಕ್ಕು ಹಿಡಿದು, ಬಾಗಬೇಕಾದವು ಸೆಟೆದು ನಿಂತಿದ್ದವು.

"ಶನಿವಾರ ಎಣ್ಣಿ ಬಿಟ್ಟೀನಲ್ಲ! ಎಲ್ಲಿ ಹೋತು?"

ನಾನು ಕೈ ಹಿಂದೆ ಬಚ್ಚಿಟ್ಟುಕೊಂಡೆ. "ಸಾರಿ ಅಪ್ಪಾ. ನಾ ಸೋಪು ಹಚ್ಚಿ ತೊಳದೀನಿ."

"ಚೈನೂ ನಿಮ್ಮ ಕಾನ್ವೆಂಟಿಗಿ ಹೋಗಬೇಕಿತ್ತೇನ್ ಬೇ? ರಿಬ್ಬನ್ನೂ ಕಟ್ಟಬೇಕಿತ್ತಿಲ್ಲ!" ಎಂದಳು ಅಕ್ಕ. ಹೇಳುತ್ತಲೇ ಅವಳ ಕಣ್ಣು ತುಂಬಿದವು.

ಅಪ್ಪ ಬೈಯಲಿಲ್ಲ. ವಾಚು ನೋಡಿಕೊಂಡರು. ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ರಾಯಚೂರಿನ ಗಂಜ್ ಮಾರ್ಕೆಟ್ಟಿಗೆ ಹತ್ತಿ ಹೇರಿಕೊಂಡು ಒಂದು ಎತ್ತಿನ ಬಂಡಿ ಬಂತು. ಹೊಡೆಯುತ್ತಿದ್ದವನು ಒಬ್ಬ ಅಜ್ಜ, ಹತ್ತಿಯ ಮೇಲೆ ಅವನ ಹೆಂಡತಿ. "ಏನಾಗ್ಯದೋ ಯಪ್ಪಾ?" ಎಂದಳು ಅಜ್ಜಿ. ಚೈನು ಒಣಗಿದೆ, ಎಣ್ಣೆ ಬೇಕು ಎಂದರು ಅಪ್ಪ. ಅಜ್ಜಿ ಬಂಡಿಯ ಕೆಳಗೆ ತೂಗುತ್ತಿದ್ದ ಬಿದಿರಿನ ಕೊಳವೆ ತೋರಿಸಿದಳು. ಅದರಲ್ಲಿ ಬಂಡಿಯ ಅಚ್ಚಿಗೆ ಹಾಕುವ ಹರಳೆಣ್ಣೆ.

"ತಗೋ. ಎತ್ತಿಗಿ ನೀರು, ಗಾಲಿಗಿ ಎಣ್ಣಿ, ದಾರ್‍ಯಾಗ ಕೇಳಿದವರಿಗಿ ಇಲ್ಲ ಅನಬಾರದು."

ಅಕ್ಕ ಸೆಟೆದ ಕೊಂಡಿಗಳನ್ನು ಒಂದೊಂದಾಗಿ ಬಾಗಿಸಿದಳು. ಅಪ್ಪ ಚೈನನ್ನು ಮತ್ತೆ ಹಲ್ಲಿಗೆ ಏರಿಸಿ, ಚಕ್ರ ತಿರುಗಿಸುತ್ತ ಕೊಳವೆಯನ್ನು ನನ್ನ ಕೈಗೇ ಕೊಟ್ಟರು. "ಹೊರಗ ಸುರೀಬ್ಯಾಡ ಯವ್ವಾ. ಒಳಮೈಗಿ ಬಿಡು, ಹಲ್ಲು ಕಚ್ಚೋದು ಅಲ್ಲೇ. ಹೆಚ್ಚಾಗಿದ್ದು ಒರಸು, ಇಲ್ಲಂದ್ರ ಮಣ್ಣು ಹಿಡೀತದ." ಮಂದವಾದ ಎಣ್ಣೆ ನಿಧಾನವಾಗಿ ಕೊಂಡಿಗಳ ನಡುವೆ ಇಳಿಯಿತು. ಕಿರ್‍ರೋ ಸದ್ದು ಸಣ್ಣದಾಗುತ್ತ ನಿಂತೇಹೋಯಿತು. ನನ್ನ ಹತ್ತೂ ಉಗುರು ಕರಿ.

ಮೂವರೂ ಹತ್ತಿದೆವು. ಏರಿನಲ್ಲಿ ಮತ್ತೆ ಟಕ್! ಸವೆದ ಹಲ್ಲು ಅಷ್ಟು ಭಾರ ತಡೆಯಲಿಲ್ಲ. "ಕೂಸನ್ನ ಬಿಟ್ಟು ನಾ ಹೋಗಂಗಿಲ್ಲ. ಮುಂದಿನ ವರ್ಷ ನೋಡೋಣು" ಎಂದು ಅಕ್ಕ ಇಳಿದೇಬಿಟ್ಟಳು. ಮುಂದಿನ ವರ್ಷಕ್ಕೆ ಅವಳ ಮದುವೆಯ ಮಾತು ಬಂದಿರುತ್ತದೆ ಎಂಬುದು ನನಗೂ ಗೊತ್ತಿತ್ತು.

"ನಾ ಬಂಡ್ಯಾಗ ಬರ್ತೀನಿ. ನೀವು ಹೋಗ್ರಿ" ಎಂದೆ.

ಅಪ್ಪ ಅಜ್ಜಿಯ ಮುಖ ನೋಡಿದರು. "ಹತ್ತಿ ಮ್ಯಾಲ ಕುಂತ ಕೂಸು ಎಲ್ಲಿ ಹೋಗ್ತದ? ಸಂಜಿಗಿ ಗಂಜ್ ಬಾಗಿಲಿಗಿ ಬಂದು ಕರಕೊಂಡು ಹೋಗು" ಎಂದಳು ಆಕೆ. ಅಕ್ಕ ತಿರುತಿರುಗಿ ನೋಡುತ್ತಲೇ ಹೋದಳು. ಗಾಡಿ ಏರು ಹತ್ತಿತು. ಟಕ್ ಎನ್ನಲಿಲ್ಲ.

ದಿನವಿಡೀ ಬಿಸಿಲಿಗೆ ಕಾದ ಹತ್ತಿಯ ವಾಸನೆ, ಎತ್ತಿನ ಗಂಟೆ, ಕಣ್ಣು ಹಾಯುವಷ್ಟೂ ಕರಿಮಣ್ಣಿನ ಹೊಲ. ಒಮ್ಮೆ ಭಯ, ಒಮ್ಮೆ ನಿದ್ದೆ. ಅಜ್ಜಿ ಜೋಳದ ರೊಟ್ಟಿಗೆ ಶೇಂಗಾ ಪುಡಿ ಹಾಕಿ ಕೊಟ್ಟಾಗ ಕರಿ ಕೈಯಲ್ಲೇ ತಿಂದೆ. ಅಷ್ಟು ರುಚಿ ನನಗೆ ಹಾಸ್ಟೆಲಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಹೊತ್ತು ಇಳಿದಾಗ ಗಂಜ್ ಬಾಗಿಲಲ್ಲಿ ಇಬ್ಬರೂ ನಿಂತಿದ್ದರು. ಅಕ್ಕ ಓಡಿ ಬಂದು ನನ್ನನ್ನು ಬಂಡಿಯಿಂದ ಇಳಿಸಿಕೊಂಡಳು. "ಸೀಟು ಸಿಕ್ತು ಬೇ! ಕೈ ಯಾಕ ಕರಿ ಆಗ್ಯಾವ ಅಂತ ಕೇಳಿದ್ರು. ತಂಗಿ ಪಾಠ ಮಾಡ್ಯಾಳ್ರಿ ಅಂದೆ."

ಅಕ್ಕ ಮಾನ್ವಿಯ ಶಾಲೆಯಲ್ಲಿ ರಿಟೈರ್ ಆಗುವವರೆಗೂ ಮಕ್ಕಳಿಗೆ ಕಲಿಸಿದಳು. ಹೈದರಾಬಾದಿನಿಂದ ಹೊಸ ಸ್ಪ್ರಾಕೆಟ್ ಬಂತು; ರಜೆಯ ಶನಿವಾರಗಳಲ್ಲಿ ಎಣ್ಣೆ ಬಿಡುವ ಡ್ಯೂಟಿ ನನ್ನದಾಯಿತು.

ಮಕ್ಕಳೇ, ನಿಮ್ಮ ಕೈಯಲ್ಲಿ ಈಗ ಚೈನಿಗೆಂದೇ ಮಾಡಿದ ಸ್ಪ್ರೇ ಇದೆ. ಬಂಡಿ ದಿನವಿಡೀ ತೆವಳಿದ ದಾರಿಯನ್ನು ಒಂದು ಗಂಟೆಯೊಳಗೆ ಮುಗಿಸುತ್ತೀರಿ. ನಮ್ಮ ಕಾಲವೇ ಚೆಂದ ಎಂದು ನಾನು ಹೇಳಲಾರೆ. ಆ ಅಜ್ಜಿಯಂಥವರು ನಿಮಗೂ ದಾರಿಯಲ್ಲಿ ಸಿಗಲಿ, ಅಷ್ಟೇ ಆಸೆ. ಅಂದು ಒಬ್ಬಳು ಮುಂದೆ ಹೋಗಬೇಕಾದರೆ ಇನ್ನೊಬ್ಬಳು ಇಳಿಯಬೇಕಿತ್ತು. ಇಂದು ನಮ್ಮ ಮನೆಯ ಹುಡುಗಿಯರು ಇಬ್ಬರೂ ಒಟ್ಟಿಗೇ ಕಾಲೇಜಿಗೆ ಹೊರಡುತ್ತೀರಿ, ಎರಡು ಗಾಡಿ. ನಾನು ಬಾಗಿಲಲ್ಲಿ ನಿಂತು ನಿಮ್ಮ ಚೈನುಗಳ ಸದ್ದಿಗೆ ಕಿವಿಗೊಡುತ್ತೇನೆ. ಸದ್ದೇ ಇರುವುದಿಲ್ಲ.