ಇಶ್ಶುವಿನ ವ್ಯಾನಿಗೆ ದೊಡ್ಡ ಟೈರು

ಇಶ್ಶು ವ್ಯಾನು ಕೊಂಡಾಗ ಅವನಿಗೆ ನಲವತ್ತು ವರ್ಷ. ಅವನಪ್ಪ, ಅಪ್ಪನ ಅಪ್ಪ ಎಲ್ಲರೂ ಅಟ್ಲಾಸ್ ಬೆಟ್ಟದ ಕಾಲುದಾರಿಗಳಲ್ಲಿ ಹೇಸರಗತ್ತೆ ಹೊಡೆದುಕೊಂಡು ಬದುಕಿದವರು. ಅವರ ಊರು ತಿಗ್ಲೂನಿನಿಂದ ಕೆಳಗಿನ ಪೇಟೆಗೆ ಹೇಸರಗತ್ತೆಯ ಮೇಲೆ ಏಳು ತಾಸು, ವ್ಯಾನಿನಲ್ಲಿ ಎರಡು. ಗಣಿಯಲ್ಲಿ ಹನ್ನೆರಡು ವರ್ಷ ದುಡಿದು, ಒಂದಿಷ್ಟು ಉಳಿತಾಯದ ಜೊತೆಗೆ ಬಿಡದ ಕೆಮ್ಮನ್ನೂ ಕಟ್ಟಿಕೊಂಡು ಊರಿಗೆ ಬಂದವನು, ಜರ್ಮನಿಯಲ್ಲಿ ಯಾರೋ ಓಡಿಸಿ ಬಿಟ್ಟ ಬಿಳಿ ವ್ಯಾನೊಂದನ್ನು ಕೊಂಡು ತಂದ. ಶನಿವಾರ ಸಂತೆಗೆ, ಬುಧವಾರ ಆಸ್ಪತ್ರೆಗೆ, ಮಿಕ್ಕ ದಿನ ಯಾರಿಗೆ ತುರ್ತಿದೆಯೋ ಅವರಿಗೆ. ಒಳಗೆ ಹದಿನೆಂಟು ಜನ, ಟಾಪಿನ ಮೇಲೆ ಹಿಟ್ಟಿನ ಮೂಟೆ, ಗ್ಯಾಸಿನ ಸಿಲಿಂಡರು, ಕಾಲು ಕಟ್ಟಿದ ಆಡು. ಹದಿನಾರು ವರ್ಷ ಹೀಗೇ ನಡೆಯಿತು. ಮೂರು ಊರಿಗೆ ಅದೊಂದೇ ಗಾಡಿ. ಆ ಹೆಮ್ಮೆ ಇಶ್ಶುವಿಗೆ ಇತ್ತು. ನಡೆಯುವಾಗಲೂ ಎದೆಯೊಂದಿಷ್ಟು ಮುಂದೆ ಇರುತ್ತಿತ್ತು.

ಒಂದು ವರ್ಷ ಚಳಿಗಾಲ ಮುಗಿಯುತ್ತಲೇ ಹಿಮ ಒಮ್ಮೆಗೇ ಕರಗಿ ಹೊಳೆ ಉಕ್ಕಿತು. ಐದು ದಿನ ಕೆಂಪು ನೀರು. ಇಳಿದ ಮೇಲೆ ನೋಡಿದರೆ, ವ್ಯಾನು ದಾಟುತ್ತಿದ್ದ ಕಡವಿನ ಗುರುತೇ ಇಲ್ಲ. ಸಣ್ಣ ಬೆಣಚುಕಲ್ಲು ಹಾಸಿದ್ದಲ್ಲಿ ಕುರಿಮರಿಯಷ್ಟು ದೊಡ್ಡ ಗುಂಡುಕಲ್ಲುಗಳು ಬಂದು ಕೂತಿದ್ದವು. ದಾಟಲು ಹೋದ ಮೊದಲ ದಿನವೇ ವ್ಯಾನಿನ ಹೊಟ್ಟೆ ಕಲ್ಲಿಗೆ ಬಡಿದು, ಎಂಜಿನ್ನಿನ ತಳದ ತೊಟ್ಟಿ ಒಡೆದು, ಕರಿ ಎಣ್ಣೆಯೆಲ್ಲ ಹೊಳೆಯ ಪಾಲಾಯಿತು. ಗಾಡಿಯನ್ನು ಊರ ಕಡೆಯ ದಡಕ್ಕೆ ಎಳೆದದ್ದು ನಾಲ್ಕು ಹೇಸರಗತ್ತೆಗಳು. ಕತ್ತೆಗಳ ಯಜಮಾನರು ಆ ಮಾತನ್ನು ಒಂದು ತಿಂಗಳು ಆಡಿಕೊಂಡು ನಕ್ಕರು.

ಒಡೆದ ತೊಟ್ಟಿಯೇನೋ ರಿಪೇರಿಯಾಯಿತು, ಆದರೆ ಗಾಡಿ ನೆಲದಿಂದ ಮೇಲೇಳಬೇಕು. ಅದಕ್ಕೆ ದೊಡ್ಡ ಟೈರು ಹಾಕಬೇಕು. ಇಶ್ಶು ಇಷ್ಟನ್ನು ತಾನೇ ಯೋಚಿಸಿದ, ಯಾರನ್ನೂ ಕೇಳಲಿಲ್ಲ. ಪೇಟೆಯಾಚೆ ಹಳೇ ಲಾರಿಗಳನ್ನು ಬಿಚ್ಚಿ ಮಾರುವ ಕಡೆ ಹೋಗಿ, ತನ್ನ ಗಾಲಿಗೆ ಕೂರುವ, ಆದರೆ ನಾಲ್ಕು ಬೆರಳಿನಷ್ಟು ಎತ್ತರ ಹೆಚ್ಚಿದ್ದ ಟೈರುಗಳನ್ನು ಆರಿಸಿ ಹೇಸರಗತ್ತೆಯ ಮೇಲೆ ಹೇರಿ ತಂದ. ಮನೆಯ ಮುಂದೆ ಹಾಕಿ, ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊನೆತನಕ ತಿರುಗಿಸಿ, ಇಳಿದು ಬಂದು ಚಕ್ರದ ಮೇಲಿನ ಸಂದಿನಲ್ಲಿ ಬೆರಳಿಟ್ಟು ನೋಡಿದ. ಎರಡು ಬೆರಳು ಸಲೀಸಾಗಿ ಹಿಡಿಸಿತು.

"ನೋಡು," ಎಂದು ಹೆಂಡತಿ ತೂದಾಳನ್ನು ಕರೆದು ತೋರಿಸಿದ. "ಅಳತೆ ಕೊಟ್ಟು ಹೊಲಿಸಿದಂಗಿದೆ."

ಕಡವು ದಾಟಿದ್ದು ನಿಜವೇ. ಕಲ್ಲು ಒಂದೂ ತಗುಲಲಿಲ್ಲ. ಆದರೆ ಜನ ತುಂಬಿದ್ದಾಗ, ಊರಿನಿಂದ ಹೊಳೆಗೆ ಇಳಿಯುವ ತಿರುವುಗಳಲ್ಲಿ, ಮುಂದಿನ ಎಡ ಚಕ್ರದಿಂದ ಗುರ್ರೆಂದು ಸದ್ದು ಬರುತ್ತಿತ್ತು. ರಬ್ಬರು ಸುಟ್ಟ ವಾಸನೆಯೂ ಬರುತ್ತಿತ್ತು.

"ಏನೋ ಅದು ಇಶ್ಶೂ, ಬೆಕ್ಕನ್ನ ಕಟ್ಟಿ ಹಾಕಿದೀಯ ಒಳಗೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಹೊಸ ಚಪ್ಪಲಿ ನಾಲ್ಕು ದಿನ ಕಚ್ಚಲ್ವಾ? ಹಂಗೇ," ಎಂದ ಇಶ್ಶು. ಸದ್ದು ಕೇಳಿಸದಿರಲೆಂದು ಕ್ಯಾಸೆಟ್ಟಿನ ಹಾಡು ಜೋರು ಮಾಡಿದ.

ಮೂರನೆಯ ಶನಿವಾರ ನಾಲ್ಕನೇ ತಿರುವಿನಲ್ಲಿ, ಉಜ್ಜಿ ಉಜ್ಜಿ ಕಾಗದದಂತಾಗಿದ್ದ ಟೈರಿನ ಪಕ್ಕ ಒಡೆಯಿತು. ವ್ಯಾನು ಎಡಕ್ಕೆ ಎಳೆಯಿತು. ಬಲಕ್ಕೆ ಪ್ರಪಾತ, ಎಡಕ್ಕೆ ಬಂಡೆ. ಎಡಕ್ಕೆ ಎಳೆದದ್ದರಿಂದ ಎಲ್ಲರೂ ಉಳಿದರು. ಬಂಡೆಗೆ ಒರಗಿ ನಿಂತ ಗಾಡಿಯೊಳಗೆ ಎಲ್ಲರೂ ಒಟ್ಟಿಗೆ ಕಿರುಚಿದರು. ಮುಂದಿನ ಸೀಟಿನಲ್ಲಿದ್ದ ಇಜ್ಜಜ್ಜಿಯ ಬಲ ಮಣಿಕಟ್ಟು ಮುರಿದಿತ್ತು. ಎಪ್ಪತ್ತು ದಾಟಿದ ಹೆಂಗಸು. ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹಾಡು ನಿಲ್ಸೋ ಮೊದ್ಲು," ಎಂದಳು. ಇಶ್ಶು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಕೊನೆಗೆ ಅಜ್ಜಿಯೇ ಎಡಗೈಯಲ್ಲಿ ಒತ್ತಿ ನಿಲ್ಲಿಸಿದಳು.

ಮುಂದಿನ ಶನಿವಾರ ಬೆಳಿಗ್ಗೆ ಅವನು ಎಂದಿನಂತೆ ಮಸೀದಿಯ ಮುಂದಿನ ಬಯಲಿನಲ್ಲಿ ವ್ಯಾನು ನಿಲ್ಲಿಸಿ ಕಾದ. ಜನ ಅವನ ಎದುರಿಗೇ ಹೇಸರಗತ್ತೆಗಳಿಗೆ ಗೋಣಿ ಬಿಗಿದು, ಸಲಾಂ ಹೇಳಿ, ಹೊರಟುಹೋದರು. ಬೈಯಲಿಲ್ಲ, ಜಗಳ ಮಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿತು. ಬಿಸಿಲೇರುವ ತನಕ ಕಾದು, ಖಾಲಿ ಗಾಡಿಯನ್ನು ತಿರುಗಿಸಿಕೊಂಡು ಮನೆಗೆ ಬಂದ.

ತೂದಾ ಚಹಾ ಬಗ್ಗಿಸುತ್ತಾ ಕೇಳಿದಳು: "ಹಳೇ ಟೈರೇ ಹಾಕ್ಬಿಡಬಾರದಾ?"

"ಹಾಕಿದ್ರೆ ಹೊಳೆ ದಾಟಲ್ಲ."

"ಹಂಗಾದ್ರೆ ತಿಳಿದೋರನ್ನ ಕೇಳು."

"ಯಾರನ್ನ ಕೇಳೋದು? ಈ ಬೆಟ್ಟದಲ್ಲಿ ನನಗಿಂತ ಮೊದಲು ವ್ಯಾನು ಓಡಿಸಿದೋನು ಯಾರಿದಾನೆ?"

"ಓಡಿಸೋದು ನಿನಗೆ ಗೊತ್ತು. ತಗಡು ಬಡಿಯೋದು ಗೊತ್ತಾ?" ಎಂದಳು ತೂದಾ. "ಅಪ್ಪ ಮಗ ಸೇರಿ ಕತ್ತೆ ಸಾಕಿದ್ರಿ. ಲಾಳ ನೀವೇ ಹೊಡೀತಿದ್ರಾ, ಕಮ್ಮಾರನ ಹತ್ರ ಹೋಗ್ತಿದ್ರಾ?"

ಇಶ್ಶು ಚಹಾ ಕುಡಿದು ಲೋಟ ಕೆಳಗಿಟ್ಟ. ಮರುದಿನ ಹಳೆಯ ಟೈರು ಹಾಕಿಕೊಂಡು, ದೊಡ್ಡವನ್ನು ಒಳಗೆ ಹೇರಿಕೊಂಡು, ಕಡವಿನಲ್ಲಿ ಒಂದೊಂದೇ ಕಲ್ಲನ್ನು ಹಾರೆಯಿಂದ ಸರಿಸುತ್ತಾ ಪೇಟೆಗೆ ಹೋದ.

ಪೇಟೆಯಲ್ಲಿ ಸೆಕ್ಕು ಎಂಬವನದು ತಗಡಿನ ಕೆಲಸ. ಲಾರಿಗಳಿಗೆ ಬಾಡಿ ಕಟ್ಟುವವನು. ಮಾತು ಒರಟು, ಕೈ ನಯ ಎಂದು ಹೆಸರಾಗಿದ್ದ. ವ್ಯಾನಿನ ಚಕ್ರದ ಗೂಡಿನೊಳಗೆ ತಲೆ ತೂರಿಸಿ, ತಗಡು ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿದ್ದ ಗೆರೆಯನ್ನು ಬೆರಳಿನಿಂದ ಸವರಿದ.

"ಸಂದು ನೋಡಿದಾಗ ಗಾಡಿ ತುಂಬಿತ್ತೋ, ಖಾಲಿಯೋ?"

"ಖಾಲಿ."

"ನೆಲ ಮಟ್ಟವಾಗಿತ್ತೋ?"

"ಮನೆ ಅಂಗಳ. ಮಟ್ಟವಾಗೇ ಇತ್ತು."

"ಸರಿಹೋಯ್ತು. ಹಸಿದ ಹೊಟ್ಟೆಗೆ ಅಳತೆ ಹಿಡಿದು ಷರಾಯಿ ಹೊಲಿಸಿ, ಮದುವೆ ಊಟಕ್ಕೆ ಹಾಕ್ಕೊಂಡು ಹೋಗಿದೀಯ. ಹರೀದೆ ಇನ್ನೇನಾಗುತ್ತೆ ಮಾರಾಯ?" ಸೆಕ್ಕು ಕೈ ಒರೆಸಿಕೊಂಡ. "ಜನ ಕೂತಾಗ ಗಾಡಿ ಮೈ ಕೆಳಗೆ ಇಳಿಯುತ್ತೆ. ಒಂದು ಚಕ್ರ ಕಲ್ಲು ಹತ್ತಿದಾಗ ಇನ್ನೂ ಇಳಿಯುತ್ತೆ. ಅದೇ ಹೊತ್ತಿಗೆ ನೀನು ಪೂರ್ತಿ ತಿರುಗಿಸ್ತೀಯ. ಮೂರೂ ಒಟ್ಟಿಗೆ ಬಂದಾಗ ಉಜ್ಜುತ್ತೆ. ಮೂರನ್ನೂ ಒಟ್ಟಿಗೆ ಇಟ್ಟೇ ಅಳೀಬೇಕು."

"ಮೂಟೆ ಹೇರೋಣ?"

"ಮೂಟೆ ಇಟ್ಟಲ್ಲೇ ಇರುತ್ತೆ. ನಿನ್ನ ಜನ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳ್ತಾರೆ. ನನಗೆ ಜನ ಬೇಕು, ಆ ಜನಾನೇ ಬೇಕು. ಸೋಮವಾರ ಊರಿಗೆ ಬರ್ತೀನಿ."

ಇಶ್ಶುವಿನ ಮುಖ ಇಳಿಯಿತು. "ಬರಲ್ಲ ಅವರು, ಸೆಕ್ಕು."

"ಅದು ನಿನ್ನ ಪಾಡು," ಎಂದ ಸೆಕ್ಕು.

ಸೋಮವಾರ ಮಸೀದಿಯ ಬಯಲಿನಲ್ಲಿ ಸೆಕ್ಕು ದೊಡ್ಡ ಟೈರುಗಳನ್ನು ಹಾಕಿಸಿದ. ಒಡೆದದ್ದರ ಬದಲಿಗೆ ಇಶ್ಶು ಇನ್ನೊಂದು ತಂದಿದ್ದ. ಮುಂದಿನ ಎಡ ಚಕ್ರವನ್ನು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿ, ಬಲ ಚಕ್ರದಡಿ ಮಣ್ಣು ಕೆರೆದು ತಗ್ಗು ಮಾಡಿದ. ಆಮೇಲೆ ಗೋಡೆಗೆ ಬಳಿಯುವ ಸುಣ್ಣವನ್ನು ಟೈರಿನ ಮೇಲೂ ಅಂಚಿಗೂ ಗಟ್ಟಿಯಾಗಿ ಬಳಿದ. ಟೈರು ಎಲ್ಲಿ ತಗುಲುತ್ತದೋ ಅಲ್ಲಿ ಸುಣ್ಣ ಅಂಟಲಿ ಎಂದು.

ಅಷ್ಟು ಹೊತ್ತಿಗೆ ಊರೇ ಸುತ್ತ ನೆರೆದಿತ್ತು. "ಎಲ್ಲರೂ ಒಂದು ಗಳಿಗೆ ಒಳಗೆ ಕೂತ್ಕೊಳ್ಳಿ," ಎಂದು ಸೆಕ್ಕು ಕರೆದ. ಒಬ್ಬರೂ ಮುಂದೆ ಬರಲಿಲ್ಲ. ಇಶ್ಶು ನೆಲ ನೋಡುತ್ತಾ ನಿಂತ. ಆಮೇಲೆ ತಲೆಯೆತ್ತಿ, ಬಯಲಿಗೆಲ್ಲ ಕೇಳುವಂತೆ ಹೇಳಿದ: "ಸದ್ದು ನನಗೆ ಮೊದಲ ವಾರವೇ ಕೇಳಿಸಿತ್ತು. ಹಾಡು ಹಾಕಿದ್ದು ಅದಕ್ಕೇ. ತಪ್ಪು ನನ್ನದು."

ಬೇಲಿಯ ಬಳಿ ಕೂತಿದ್ದ ಇಜ್ಜಜ್ಜಿ ಎದ್ದು ಬಂದಳು. ಕೈಗೆ ದಬ್ಬೆ ಕಟ್ಟಿತ್ತು. "ಕೀಲಿಕೈ ಕೊಡಿಲ್ಲಿ," ಎಂದು ಎಡಗೈ ಚಾಚಿದಳು.

ಇಶ್ಶು ಕೊಟ್ಟ. ಅಜ್ಜಿ ಅದನ್ನು ರವಿಕೆಯೊಳಗೆ ಸೇರಿಸಿ, ಬಾಗಿಲು ಹಿಡಿದು ಹತ್ತಿ, ಮುಂದಿನ ಸೀಟಿನಲ್ಲಿ ಕೂತಳು. "ಇನ್ನು ಇದು ಎಲ್ಲಿಗೂ ಹೋಗಲ್ಲ. ಬನ್ರೇ ಎಲ್ಲಾ. ನಿಂತ ಗಾಡೀಲಿ ಕೂರಕ್ಕೂ ಭಯವಾ?"

ಮೊದಲು ಹೆಂಗಸರು ಹತ್ತಿದರು, ಮಕ್ಕಳನ್ನು ಎತ್ತಿಕೊಂಡು. ಹಿಂದೆಯೇ, ಹೆಂಗಸರಿಗಿಂತ ಕಡೆ ಅನ್ನಿಸಿಕೊಳ್ಳಬಾರದೆಂದು, ಗಂಡಸರು. ಹದಿನೆಂಟು ತುಂಬಿತು. ಇಶ್ಶು ಸ್ಟೇರಿಂಗ್ ಮುಂದೆ ಕೂತ; ಹಳೇ ಗಾಡಿ, ಕೀಲಿಯಿಲ್ಲದೆಯೂ ಅದು ತಿರುಗುತ್ತಿತ್ತು.

"ಎಡಕ್ಕೆ ವಾಲಿ!" ಎಂದು ಚಕ್ರದ ಬಳಿ ಮಲಗಿದ್ದ ಸೆಕ್ಕು ಕೂಗಿದ. ಎಲ್ಲರೂ ವಾಲಿದರು. ಒಳಗಿಂದ ನಗು.

"ಇಶ್ಶೂ, ತಿರುಗಿಸು! ಪೂರ್ತಿ! ಇನ್ನೂ ವಾಲ್ರಪ್ಪಾ, ಮೊನ್ನೆ ಬಿದ್ದಂಗೆ ಬೀಳಿ!"

"ನನ್ನ ಸೊಂಟ ಬಿಡೇ, ಮದುವೆ ಆಗಿರೋ ಹೆಂಗಸು ನಾನು!" ಎಂದು ಯಾರೋ ಅರಚಿದರು. ಗಾಡಿ ನಗುವಿಗೇ ಅಲುಗಾಡಿತು. "ಹಂಗೇ ಅಲುಗಾಡಿ, ಒಳ್ಳೇದೇ," ಎಂದ ಸೆಕ್ಕು.

ಸುಣ್ಣ ಮೂರು ಕಡೆ ಅಂಟಿತ್ತು: ಗೂಡಿನ ಹಿಂಬದಿಯಲ್ಲಿ ಎರಡು ತಗಡು ಕೂಡುವ ಬೆಸುಗೆಯ ಅಂಚು, ಮುಂದಿನ ಬಂಪರಿನ ಒಳಮೂಲೆ, ಮತ್ತೆ ಗಾಡಿಯ ಭಾರ ಹೊರುವ ಕಮಾನಿನ ಪಟ್ಟಿಯ ಪಕ್ಕ. ಸೆಕ್ಕು ಎರಡು ದಿನ ಇಶ್ಶುವಿನ ಮನೆಯಲ್ಲೇ ಉಳಿದ. ಬೆಸುಗೆಯ ಅಂಚನ್ನು ಬಡಿದು ಮಡಿಸಿದ. ಬಂಪರಿನ ಮೂಲೆ ಕತ್ತರಿಸಿ, ಕತ್ತರಿಸಿದ ಬಾಯಿ ಟೈರಿಗೆ ಕತ್ತಿಯಾಗಬಾರದೆಂದು ಅರದಿಂದ ಉಜ್ಜಿ ನುಣುಪು ಮಾಡಿದ. ಕಮಾನಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದ. ಚಕ್ರ ಇಷ್ಟೇ ತಿರುಗಬೇಕೆಂದು ತಡೆಯುವ ಬೋಲ್ಟು ಅಚ್ಚಿನ ತುದಿಯಲ್ಲಿರುತ್ತದೆ. ಅದನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ ಬಿಗಿದ. ಒಂದೊಂದು ಕೆಲಸ ಮುಗಿದಾಗಲೂ ಮತ್ತೆ ಸುಣ್ಣ, ಮತ್ತೆ ಜನ. ಮೂರನೇ ಸಲಕ್ಕೆ ಹೆಂಗಸರು ಕದಿರು, ಉಣ್ಣೆ ಹಿಡಿದುಕೊಂಡೇ ಬಂದರು. ತೂದಾ ಚಹಾದ ಕೆಟಲನ್ನು ಕಿಟಕಿಯಿಂದ ಕಿಟಕಿಗೆ ಕೊಂಡೊಯ್ದಳು. ಬಲಗಡೆ ಚಕ್ರಕ್ಕೂ ಇದೇ ಪರೀಕ್ಷೆ ನಡೆಯಿತು. ಕೊನೆಯ ಸಲ ಎರಡು ಕಡೆಯೂ ಸುಣ್ಣ ಟೈರಿನ ಮೇಲೆ ಬಳಿದಂತೆಯೇ ಉಳಿಯಿತು.

ಹೊರಡುವಾಗ ಸೆಕ್ಕು ಇಶ್ಶುವನ್ನು ಪಕ್ಕಕ್ಕೆ ಕರೆದ. "ಉಜ್ಜಲ್ಲ ಅಂತ ನಾನು ಹೇಳ್ತೀನಿ. ಆದರೆ ಮೊದಲಿನ ಗಾಡಿ ಅಲ್ಲ ಇದು. ಮೊದಲಷ್ಟು ತಿರುಗಲ್ಲ. ನಾಲ್ಕನೇ ತಿರುವು ಒಂದೇ ಏಟಿಗೆ ಸಿಗಲ್ಲ, ಒಂದ್ಸಲ ಹಿಂದಕ್ಕೆ ತಗೋಬೇಕು. ಏರಿನಲ್ಲಿ ಒಂದನೇ ಗೇರಿಗೆ ಬೇಗ ಇಳಿ. ಬ್ರೇಕು ತಡವಾಗಿ ಹಿಡಿಯುತ್ತೆ. ಸ್ಪೀಡಿನ ಮುಳ್ಳು ನಲವತ್ತು ತೋರಿಸಿದ್ರೆ ನೀನು ಅದಕ್ಕಿಂತ ಜೋರಾಗಿ ಹೋಗ್ತಿರ್ತೀಯ, ನಂಬಬೇಡ."

"ಹಿಂದಕ್ಕೆ? ಅಲ್ಲಿ ಹಿಂದೆ ಏನಿದೆ ಗೊತ್ತಾ?"

"ಗೊತ್ತು. ಅದಕ್ಕೇ ಖಾಲಿ ಗಾಡೀಲಿ ಕಲಿ."

ಇಶ್ಶು ಬುಧವಾರದಿಂದ ಶುಕ್ರವಾರದ ತನಕ ಆ ತಿರುವಿನಲ್ಲೇ ಇದ್ದ. ಅಂಚಿನಿಂದ ಎರಡು ಮಾರು ಒಳಗೆ ಉದ್ದಕ್ಕೂ ಕಲ್ಲಿನ ಸಾಲು ಕಟ್ಟಿದ. ಹಿಂದಿನ ಚಕ್ರ ಆ ಸಾಲನ್ನು ಮುಟ್ಟಿದರೆ ನಿಲ್ಲಬೇಕು. ಮೊದಲ ದಿನ ಬೆನ್ನಿನ ಬೆವರು ಸೀಟಿಗಿಳಿಯಿತು. ಮೂರನೇ ದಿನಕ್ಕೆ ಕೈಗೆ ಅಳತೆ ಸಿಕ್ಕಿತು.

ಶನಿವಾರ ಬೆಳಿಗ್ಗೆ ಇಜ್ಜಜ್ಜಿ ಬಂದು ಮುಂದಿನ ಸೀಟಿನಲ್ಲೇ ಕೂತಳು. ಅವಳನ್ನು ನೋಡಿ ಇನ್ನೂ ಆರು ಜನ. ನಾಲ್ಕನೇ ತಿರುವಿನಲ್ಲಿ ಇಶ್ಶು ಗಾಡಿ ನಿಲ್ಲಿಸಿ, "ಎಲ್ಲರೂ ಇಳೀರಿ. ಇದನ್ನ ನಾನೊಬ್ಬನೇ ಮಾಡ್ತೀನಿ," ಎಂದ. ಆರು ಜನ ಇಳಿದರು. ಅಜ್ಜಿ ಇಳಿಯಲಿಲ್ಲ.

"ಇಳಿಯಜ್ಜಿ."

"ಈ ಮಂಡಿ ಇಟ್ಕೊಂಡು ಇಳಿದು ಹತ್ತೋ ಹೊತ್ತಿಗೆ ಸಂತೆ ಮುಗಿಯುತ್ತೆ. ತಗೋ ಹಿಂದಕ್ಕೆ."

"ಅಜ್ಜೀ..."

"ಮೂರು ದಿನ ಇಲ್ಲೇನು ಮೇಕೆ ಕಾಯ್ತಿದ್ಯಾ? ತಗೋ ಅಂದೆನಲ್ಲ."

ಅವನು ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಮುಂದಕ್ಕೆ ಬಂದ. ಬಂಡೆ ಮೂಗಿನ ಮುಂದೆ. ಎದುರು ದಿಕ್ಕಿಗೆ ತಿರುಗಿಸಿ ಹಿಂದಕ್ಕೆ ಬಿಟ್ಟ, ಕನ್ನಡಿಯಲ್ಲಿ ಕಲ್ಲಿನ ಸಾಲು ಬೆಳೆಯುತ್ತಾ ಬಂತು, ನಿಲ್ಲಿಸಿದ. ಮತ್ತೆ ಮುಂದಕ್ಕೆ. ಗಾಡಿ ತಿರುವು ದಾಟಿತು. ಅವನು ಕಿವಿ ನಿಮಿರಿಸಿಕೊಂಡೇ ಇದ್ದ. ಎಂಜಿನ್ನಿನದಲ್ಲದೆ ಬೇರೆ ಸದ್ದಿರಲಿಲ್ಲ. ಇಳಿದವರು ಮತ್ತೆ ಹತ್ತಿದರು. ಕೆಳಗೆ ಕಡವಿನಲ್ಲಿ ನೀರು ಅರ್ಧ ಚಕ್ರಕ್ಕಿತ್ತು, ಕಲ್ಲುಗಳು ಅಡಿಯಲ್ಲೇ ಉಳಿದವು. ಆಚೆ ದಡ ಹತ್ತಿದ ಮೇಲೆ ಇಶ್ಶುವಿಗೆ ಕಣ್ಣು ಮಂಜಾಗಿ ಒಂದು ಗಳಿಗೆ ನಿಲ್ಲಿಸಬೇಕಾಯಿತು. ಅಜ್ಜಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಬೇಸಿಗೆ ಬರುವಷ್ಟರಲ್ಲಿ ಗಾಡಿ ಮತ್ತೆ ತುಂಬತೊಡಗಿತು. ನಾಲ್ಕನೇ ತಿರುವಿನಲ್ಲಿ ಇಳಿಯುವುದು ರೂಢಿಯಾಯಿತು; ಗಂಡಸರು ಸಿಗರೇಟು ಹಚ್ಚುತ್ತಿದ್ದರು, ಹೆಂಗಸರು ಕಾಲು ಸಡಿಲಿಸಿಕೊಳ್ಳುತ್ತಿದ್ದರು. ಇಶ್ಶು ಹದಿನೆಂಟರ ಮೇಲೆ ಒಬ್ಬರನ್ನೂ ಹತ್ತಿಸುತ್ತಿರಲಿಲ್ಲ. ಹೊರಟ ಮೇಲೆ ಯಾರಾದರೂ "ಅದೇನೋ ಸದ್ದು" ಎಂದರೆ ಸಾಕು, ತಕ್ಷಣ ನಿಲ್ಲಿಸಿ ಇಳಿದು ನೋಡುತ್ತಿದ್ದ. ಎಷ್ಟೋ ಸಲ ಅದು ಟಾಪಿನ ಮೇಲಿನ ಕೋಳಿಯದಾಗಿರುತ್ತಿತ್ತು.

ಪಕ್ಕದ ಕಣಿವೆಯ ಡ್ರೈವರುಗಳೂ ಕಾಲಕ್ರಮೇಣ ದೊಡ್ಡ ಟೈರಿಗೆ ಮನಸ್ಸು ಮಾಡಿದರು. ಒಬ್ಬೊಬ್ಬರೇ ತಿಗ್ಲೂನಿಗೆ ಬಂದು, "ದಾದ್ದಾ ಇಶ್ಶು, ಯಾವ ಅಳತೆ ಹಾಕ್ಲಿ?" ಎಂದು ಅಣ್ಣನನ್ನು ಕೇಳುವಂತೆ ಕೇಳುತ್ತಿದ್ದರು. ಅಳತೆ ಆಮೇಲೆ ಹೇಳುತ್ತೇನೆಂದು ಇಶ್ಶು ಅವರಿಗೆ ಮೊದಲು ಒಂದು ಬಕೆಟ್ಟು ಸುಣ್ಣ ಕೊಟ್ಟು, ಊರಿಗೆ ಹೋಗಿ ನಿಮ್ಮ ಜನರನ್ನು ಹತ್ತಿಸಿ ಎನ್ನುತ್ತಿದ್ದ. ಕೆಲವರು ಬೇಸರಪಟ್ಟುಕೊಂಡು ಹೋದರು. ಕೆಲವರು ಬಕೆಟ್ಟು ತಗೊಂಡು ಹೋದರು.