ಖಾರ ಮುಟ್ಟದವಳ ರಕ್ತ

ಹಾವೇರಿಯಲ್ಲಿ ನಮ್ಮ ಮನೆತನ ನಾಲ್ಕು ತಲೆಮಾರಿನಿಂದ ಮಾತಿಗೆ ತಪ್ಪಿಲ್ಲ. ಆಸ್ಪತ್ರೆಯ ಮೇಟ್ರನ್ ಆದ ನಾನೂ ಸುಳ್ಳು ಬರೆದವಳಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬಿಳಿ ರಕ್ತಕಣಗಳಲ್ಲಿ ಖಾರದ ಸುಳಿವು ಹಿಡಿಯುವ ರಿಸೆಪ್ಟರನ್ನು ಹುಡುಕಲು ಸಂಶೋಧಕರು ಪಕ್ಕದ ಬ್ಯಾಡಗಿಗೆ ಬಂದಿದ್ದರು. ಖಾರದ ಕೆಲಸ ಮಾಡದವಳೆಂದು ಬರೆದುಕೊಟ್ಟು, ಹೋಲಿಕೆಗಾಗಿ ನಾನೂ ಅಲ್ಲಿಗೆ ಹೋಗಿ ರಕ್ತ ಕೊಟ್ಟೆ.

ವಾರದ ನಂತರ ಸಂಶೋಧಕರ ಮುಖ್ಯಸ್ಥರು ಮೆಣಸಿನಕಾಯಿ ಅಂಗಳದಲ್ಲಿ ಎಲ್ಲರೆದುರು ನಕ್ಕರು. "ಮೇಡಂ, ನಿಮ್ಮ ಕಣಗಳೂ ಖಾರಕ್ಕೆ ಕೆರಳಿವೆ. ಗುಟ್ಟಾಗಿ ತೊಟ್ಟು ಬಿಡಿಸ್ತೀರಾ?"

ತೊಟ್ಟು ಬಿಡಿಸುತ್ತ ಕುಳಿತ ರಜಿಯಾ ತಲೆ ಎತ್ತಿದಳು. "ಸಾಹೇಬ್ರ, ರಕ್ತ ತಗೊಂಡ ದಿನ ನೀವು ಮೆಣಸಿನಕಾಯಿ ಚೀಲಕ್ಕ ಕೈ ಹಾಕಿ ಕಾಯಿ ಮುರದು ನೋಡಿದ್ರಿ. ಅದ ಕೈಯಿಂದ ಅಕ್ಕಾರ ರಕ್ತದ ನಳಿಗಿ ಮುಚ್ಚಳಾ ತಗದ್ರಿ. ಖಾರ ಅಕ್ಕಾರದ್ದಲ್ರಿ, ನಿಮ್ದು!"

ಮುಖ್ಯಸ್ಥರು ಮತ್ತೆ ರಕ್ತ ಕೇಳಿದ್ದಾರೆ. ಕೊಡುತ್ತೇನೆ. ಮೊದಲು ಅದೇ ಜನರೆದುರು ನನ್ನ ಕ್ಷಮೆ ಕೇಳಲಿ.